ಮೂಗುತಿ ಇಟ್ಟ ಬದಾಮ್ ರಾಣಿ

ಎಲ್ಲರ ಮನೆಯ ಇಸ್ಪೀಟ್ ಕಟ್ಟಿನ ಹಾಗೆ ನಮ್ಮ ಮನೆಯ ಕಟ್ಟಿನಲ್ಲೂ ನಾಲ್ವರು ರಾಣಿಯರು. ಮೂವರು ಕೈಯಲ್ಲಿ ಹೂವು ಹಿಡಿದುಕೊಂಡು, ಮನೆಯ ಯಾವ ಜಂಜಾಟವೂ ತಮಗೆ ಸಂಬಂಧಿಸಿದ್ದಲ್ಲ ಎನ್ನುವಂತೆ ಓರೆಗೆ ನೋಡುತ್ತಿರುತ್ತಾರೆ. ನಾಲ್ಕನೆಯವಳು ಬದಾಮ್ ರಾಣಿ, ಎಂದರೆ ನೀವು ಹಾರ್ಟ್ ಎನ್ನುವ ಕೆಂಪು ಗುರುತಿನವಳು. ಅವಳಿಗೆ ಕಿರೀಟವಿಲ್ಲ. ತಲೆಯ ಮೇಲೆ ಸೆರಗು, ಹಣೆಯಲ್ಲಿ ಕಾಸಿನಗಲದ ಕುಂಕುಮ, ಮೂಗಿನಲ್ಲಿ ಮೂಗುತಿ. ಅವಳು ನೇರವಾಗಿ ನಿಮ್ಮನ್ನೇ ದಿಟ್ಟಿಸುತ್ತಾಳೆ, ಒಲೆಯ ಮೇಲೆ ಹಾಲಿಟ್ಟು ಇಲ್ಲಿ ಬಂದು ಕೂತಿದ್ದೀಯಲ್ಲ ಎಂದು ಗದರಿಸುವ ಹಾಗೆ.

ಈ ರಾಣಿಯ ಕತೆ ಹೇಳುವ ಪ್ರಸಂಗ ಬಂದದ್ದು ಶೋಭಾಳಿಂದ. ನಾನು ದಾಂಡೇಲಿಯ ಅಂಬೇವಾಡಿಯಿಂದ ದಿನವೂ ಜೊಯಿಡಾಕ್ಕೆ ಬಸ್ಸಿನಲ್ಲಿ ಹೋಗಿ ಬರುವ ಸರ್ಕಾರಿ ಗುಮಾಸ್ತೆ. ಶೋಭಾ ನನ್ನ ಪಕ್ಕದ ಮೇಜಿನವಳು, ಜೊಯಿಡಾದವಳೇ, ಮದುವೆಯಾಗಿ ನಾಲ್ಕು ತಿಂಗಳು. "ಮೇಡಂ, ನಮ್ಮ ಕಡೆ ಸಂಜಿ ಆತಂದ್ರ ನೆಟ್‌ವರ್ಕ್ ಇಲ್ಲ, ಕರೆಂಟ್ ಇಲ್ಲ. ಇಬ್ರೂ ಒಬ್ಬರ ಮುಖಾ ಒಬ್ರು ನೋಡ್ಕೋತ ಕೂಡ್ತೇವಿ," ಅಂದಳು. ನಾಲ್ಕು ತಿಂಗಳಿಗೇ ಇದು ಬೇಸರವಾಯಿತೇ ಎಂದು ನಾನು ಕೇಳಲಿಲ್ಲ. ನನ್ನ ಮದುವೆಯ ವಿಷಯದಲ್ಲಿ ಊರಿನವರೆಲ್ಲ ಕೇಳಿ ದಣಿದಿದ್ದಾರೆ, ಹಾಗಾಗಿ ಬೇರೆಯವರ ಮದುವೆಯ ಬಗ್ಗೆ ನಾನು ಬಾಯಿ ಹಾಕುವುದಿಲ್ಲ. "ನೀವು ನಿಮ್ಮ ಅಪ್ಪಾರ ಜೋಡಿ ಆಡ್ತೀರಲ್ಲ, ಇಬ್ರ ಆಡೂ ಆಟ, ಅದರ ನಿಯಮಾ ಬರ್ದ್ ಕೊಡ್ರಿ," ಎಂದಳು.

ನಿಯಮ ಬರೆಯುವುದೆಂದರೆ ನನಗೆ ಹಬ್ಬ. ಇಪ್ಪತ್ತೈದು ವರ್ಷ ಸುತ್ತೋಲೆಗಳ ನಡುವೆ ಬದುಕಿದವಳು ನಾನು. ಕನಸಿನಲ್ಲೂ ನನಗೆ 'ತಕ್ಕದ್ದು' ಎಂದೇ ಕೇಳಿಸುತ್ತದೆ. ಆ ದಿನವೇ ಒಂದು ಹಾಳೆ ತೆಗೆದುಕೊಂಡು ಶುರು ಮಾಡಿದೆ. 'ಒಂದು: ಆಟಗಾರರು ಇಬ್ಬರಿರತಕ್ಕದ್ದು. ಮೂರನೆಯವರು ಯಾರಾದರೂ ಇದ್ದಲ್ಲಿ, ಅವರು ಒಬ್ಬರ ಬೆನ್ನ ಹಿಂದೆ ನಿಂತು ಇನ್ನೊಬ್ಬರಿಗೆ ಹುಬ್ಬು ಹಾರಿಸತಕ್ಕದ್ದಲ್ಲ.' ಈ ಮೂರನೆಯವರು ನಮ್ಮ ಅವ್ವ.

ಆಟ ತಂದವನು ಅಪ್ಪ. ಧಾರವಾಡದ ಕಡೆಯ ಹಳ್ಳಿಯಿಂದ ಬಂದು ಇಲ್ಲಿ ಕಾಗದದ ಮಿಲ್ಲು ಸೇರಿದ್ದ. ಕೆಲಸ ಫಿನಿಶಿಂಗ್ ವಿಭಾಗದಲ್ಲಿ, ಕಾಗದ ಎಣಿಸುವುದು. ಹಾಳೆಗಳ ಕಟ್ಟಿನ ಮೂಲೆ ಹಿಡಿದು ಬೀಸಣಿಗೆಯ ಹಾಗೆ ಬಿಡಿಸಿ, ಬೆರಳ ತುದಿಯಿಂದ ಐದೈದಾಗಿ ಹಾರಿಸುತ್ತ ಹೋದರೆ ಕಣ್ಣು ಮಿಟುಕಿಸುವುದರೊಳಗೆ ಐದುನೂರು. ಹರಿದ ಹಾಳೆ, ಮಡಿಕೆ ಬಿದ್ದ ಹಾಳೆ, ಒಂದು ಎಳೆ ದಪ್ಪಗಿರುವ ಹಾಳೆ, ಎಲ್ಲವೂ ಬೆರಳಿಗೇ ಗೊತ್ತಾಗಬೇಕು. ಅಪ್ಪನಿಗೆ ಗೊತ್ತಾಗುತ್ತಿತ್ತು. ನನ್ನ ಶಾಲೆಯ ಪ್ರಗತಿ ಪತ್ರ ಕೊಟ್ಟರೂ ಮೊದಲು ಅದರ ಮೂಲೆಯನ್ನು ಬೆರಳಲ್ಲಿ ತಿಕ್ಕಿ, "ಕಾಗದಾ ಚಲೋ ಐತಿ," ಎನ್ನುತ್ತಿದ್ದ. ಒಳಗಿನ ಅಂಕಗಳ ಬಗ್ಗೆ ಆಮೇಲೆ ಹಾಗೆ ಹೇಳುವ ಪ್ರಮೇಯ ಬರುತ್ತಿರಲಿಲ್ಲ.

ಯಂತ್ರ ಕೂರಿಸಲು ಹೊರಗಿನಿಂದ ಬಂದಿದ್ದ ಒಬ್ಬ ಎಂಜಿನಿಯರ್ ಊಟದ ವೇಳೆಯಲ್ಲಿ ಅಪ್ಪನಿಗೆ ಪೋಕರ್ ಕಲಿಸಿದನಂತೆ. ಐದೆಲೆಯ ಆಟ ಎಂದಾಕ್ಷಣ ಅಪ್ಪನಿಗೆ ಅದು ತನಗಾಗಿಯೇ ಹುಟ್ಟಿದ್ದು ಎನ್ನಿಸಿತು. ಇಂಗ್ಲಿಷ್ ಹೆಸರುಗಳು ಮಾತ್ರ ನಾಲಿಗೆಗೆ ಹತ್ತಲಿಲ್ಲ, ಮನೆಗೆ ಬರುವ ದಾರಿಯಲ್ಲೇ ಹೆಸರು ಬದಲಿಸಿಬಿಟ್ಟ. ಒಂದೇ ಸಂಖ್ಯೆಯ ಎರಡು ಎಲೆ ಬಂದರೆ ಜೋಡಿ. ಎರಡು ಜೋಡಿ ಬಂದರೆ ಬೀಗರು. ಒಂದೇ ಬಗೆಯ ಮೂರು ಬಂದರೆ ಒಲಿಗುಂಡು, ಒಲೆಯ ಮೂರು ಕಲ್ಲಿನ ಹಾಗೆ. ಐದೂ ಸಾಲಾಗಿ ಬಂದರೆ ಪಾವಟಿಗಿ, ಮೆಟ್ಟಿಲಿನ ಹಾಗೆ. ಐದೂ ಒಂದೇ ಗುರುತಿನವಾದರೆ ರಂಗು. ಮೂರು ಒಂದು ಬಗೆ, ಎರಡು ಇನ್ನೊಂದು ಬಗೆ ಸೇರಿದರೆ ಸಂಸಾರ: ಗಂಡ, ಹೆಂಡತಿ, ಮೂರು ಮಕ್ಕಳು. ಅದಕ್ಕಿಂತ ಮೇಲೆ ಒಂದೇ ಬಗೆಯ ನಾಲ್ಕು, ಅದು ಮಂಚ, ನಾಲ್ಕು ಕಾಲಿರುವುದರಿಂದ. ಎಲ್ಲಕ್ಕೂ ಮೇಲೆ ರಂಗಿನ ಪಾವಟಿಗಿ. ಅದು ನನಗೆ ಈವರೆಗೆ ಒಮ್ಮೆಯೂ ಬಂದಿಲ್ಲ, ಬಡ್ತಿಯ ಹಾಗೆ.

ಈ ಪಟ್ಟಿ ಕೇಳಿದ ದಿನ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದಿದ್ದಳು. "ಏನ್ರಿ, ಸಂಸಾರಕ್ಕಿಂತ ಮಂಚ ದೊಡ್ಡದಾ? ಮಗಳಿಗೆ ಏನ ಕಲಸಾಕ ಹತ್ತೀರಿ?"

"ಮಂಚ ಅಂದ್ರ ನಿದ್ದಿ ಅಂತ," ಅಂದ ಅಪ್ಪ. "ಸಂಸಾರಕ್ಕಿಂತ ನಿದ್ದಿ ದೊಡ್ಡದೋ ಅಲ್ಲೋ, ಮೂರು ಶಿಫ್ಟ್ ಮಾಡೋರನ್ನ ಕೇಳು."

ಅವ್ವ ಹೆಸರುಗಳನ್ನು ಬಿಟ್ಟಳು, ಹಣವನ್ನು ಬಿಡಲಿಲ್ಲ. ಮನೆಯಲ್ಲಿ ಎಲೆ ಬೇಕಾದರೆ ಆಡಿ, ಐದು ಪೈಸೆ ಕಂಡರೂ ಕಟ್ಟು ಒಲೆಗೆ ಎಂದಳು. ಹಣವಿಲ್ಲದ ಪೋಕರ್ ಉಪ್ಪಿಲ್ಲದ ಸಾರು. ಅಪ್ಪ ಎರಡು ದಿನ ಯೋಚಿಸಿ ಪರಿಹಾರ ತಂದ. ಒಂದು ಕೈ ಗೆದ್ದರೆ ಒಂದು ದಸ್ತೆ. ಐದು ದಸ್ತೆಯಾದರೆ ಒಂದು ರೀಮು. ನಿಜವಾದ ಕಾಗದದ ಲೆಕ್ಕದಲ್ಲಿ ರೀಮಿಗೆ ಇಪ್ಪತ್ತು ದಸ್ತೆ, ಆದರೆ ಅವ್ವ ಊಟಕ್ಕೆ ಕರೆಯುವುದರೊಳಗೆ ಆಟ ಮುಗಿಯಬೇಕಿತ್ತು. ರೀಮು ಗೆದ್ದವರು ಒಂದು ಹುಕುಂ ಕೊಡಬೇಕು, ಸೋತವರು ತಕರಾರಿಲ್ಲದೆ ಮಾಡಬೇಕು. ಬೆನ್ನು ತುರಿಸು, ಚಹಾ ಮಾಡು, ಬೂಟಿಗೆ ಪಾಲಿಶ್ ಹಾಕು. ಒಮ್ಮೆ ನಾನು ಗೆದ್ದು, ಅಪ್ಪ ಇಡೀ ಭಾನುವಾರ ನನ್ನನ್ನು 'ಬಾಯಿಸಾಹೇಬ್ರ' ಎಂದು ಕರೆಯಬೇಕೆಂದು ಹುಕುಂ ಕೊಟ್ಟೆ. ಕರೆದ. ಸಂಜೆಯ ಹೊತ್ತಿಗೆ ನನಗೇ ನಾಚಿಕೆಯಾಗಿ ಹುಕುಂ ವಾಪಸು ತೆಗೆದುಕೊಂಡೆ.

ಇನ್ನು ರಾಣಿಯ ವಿಷಯ. ಮೂಲ ಬದಾಮ್ ರಾಣಿ ಕಳೆದದ್ದು ನನ್ನಿಂದ. ಒಂಬತ್ತನೆಯ ವಯಸ್ಸಿನಲ್ಲಿ ನಾನು ಅವಳನ್ನು ಪಕ್ಕದ ಮನೆಯ ಗೊಂಬೆಗೆ ಮದುವೆ ಮಾಡಿಕೊಟ್ಟೆ. ಚುರುಮುರಿಯ ಊಟ, ಅರಿಸಿನ, ಎಲ್ಲ ಸಾಂಗವಾಗಿ ನಡೆಯಿತು. ವಧು ಗಂಡನ ಮನೆಗೆ ಹೋದಳು. ಮುಂದಿನ ವಾರ ಗಂಡನ ಮನೆಯವರು ಸಾಮಾನು ಕಟ್ಟಿಕೊಂಡು ಊರನ್ನೇ ಬಿಟ್ಟರು. ನನ್ನ ಜೀವನದಲ್ಲಿ ನಾನು ಮುಂದೆ ನಿಂತು ನೆರವೇರಿಸಿದ ಮದುವೆ ಅದೊಂದೇ.

ಐವತ್ತೊಂದು ಎಲೆಯಲ್ಲಿ ಆಡಲಾಗದು. ಅವ್ವ ಬೈಯುತ್ತಲೇ ನನ್ನ ಚಿತ್ರದ ಪುಸ್ತಕದಿಂದ ಒಂದು ಹಾಳೆ ಹರಿದು, ಅದರಲ್ಲಿ ರಾಣಿಯ ಚಿತ್ರ ಬರೆದು, ಕಟ್ಟಿನಲ್ಲಿ ಕೆಲಸವಿಲ್ಲದೆ ಕೂತಿದ್ದ ಜೋಕರ್ ಎಲೆಯ ಮುಖಕ್ಕೆ ಅಂಟಿಸಿದಳು. ಅವಳಿಗೆ ಗೊತ್ತಿದ್ದದ್ದು ಒಬ್ಬಳೇ ರಾಣಿಯ ಮುಖ, ಕನ್ನಡಿಯಲ್ಲಿ ದಿನವೂ ಕಾಣುವುದು. ಹಾಗಾಗಿ ಮೂಗುತಿ, ಕುಂಕುಮ, ಆ ನೋಟ. ಬೆನ್ನಿನಿಂದ ನೋಡಿದರೆ ಎಲ್ಲ ಎಲೆಗಳೂ ಒಂದೇ. ಆದರೆ ಈ ಎಲೆ ಒಂದು ಹಾಳೆಯಷ್ಟು ದಪ್ಪ. ನಲವತ್ತು ವರ್ಷ ಆಡಿದರೂ ನನಗೆ ಅದನ್ನು ಮುಟ್ಟಿ ಗುರುತು ಹಿಡಿಯಲು ಆಗಿಲ್ಲ. ಅಪ್ಪನಿಗೆ ಮೊದಲ ದಿನವೇ ಗೊತ್ತಾಯಿತು. ಐದೆಲೆಯನ್ನು ಒಂದೇ ಏಟಿಗೆ ಬೆರಳಲ್ಲಿ ಹಾರಿಸಿ ಹಂಚುವಾಗ ಅವನ ಹೆಬ್ಬೆರಳು ಒಂದೆಡೆ ನಿಲ್ಲುತ್ತಿತ್ತು. "ಬಂದ್ಳು ನೋಡು ಮಹಾರಾಣಿ!"

ಇದು ಮೋಸ ಎಂದು ನಾನು ಅತ್ತೆ. ಅವ್ವ ನ್ಯಾಯ ಹೇಳಿದಳು. ಅದೇ ನಮ್ಮ ಏಳನೆಯ ನಿಯಮ. ಹಂಚುವವನ ಬೆರಳಿಗೆ ಗೊತ್ತಾಗುವುದರಿಂದ, ರಾಣಿ ಬಂದ ತಕ್ಷಣ ಅವನು ಕೂಗಿ ಹೇಳಬೇಕು, ಎಲೆಯನ್ನು ತೆರೆದು ಹಾಕಬೇಕು. ಹೇಳದೆ ನನಗೆ ಹಾಕಿದರೂ, ತನಗೇ ಹಾಕಿಕೊಂಡರೂ, ಆ ದಸ್ತೆ ನನ್ನದು. ಅಪ್ಪ ಒಪ್ಪಿದ. ಅಂದಿನಿಂದ ಎಲೆ ಕಲೆಸುವವಳು ನಾನು, ಹಂಚುವವನು ಅಪ್ಪ. ಏಳನೆಯ ನಿಯಮದ ದಂಡ ಒಂದು ಸಲವೂ ಜಾರಿಗೆ ಬರಲಿಲ್ಲ. ಅವ್ವ ಹೋಗಿ ಆರು ವರ್ಷವಾಯಿತು. ಅಪ್ಪ ಅವಳ ಹೆಸರು ಹಿಡಿದು ಒಮ್ಮೆಯೂ ಗೋಳಾಡಲಿಲ್ಲ. ಸಂಜೆ ನಾನು ಜೊಯಿಡಾದಿಂದ ಬಂದು ಕಾಲು ತೊಳೆದರೆ ಎಲೆ ತೆಗೆಯುತ್ತಾನೆ, ಒಂದು ರೀಮು ಆಡುತ್ತೇವೆ, ನಡುವೆ ಒಂದೆರಡು ಸಲ "ಬಂದ್ಳು ನೋಡು ಮಹಾರಾಣಿ" ಎನ್ನುತ್ತಾನೆ. ಅಷ್ಟೇ.

ಈಗ ಅಪ್ಪನಿಗೆ ಎಪ್ಪತ್ತಾರು. ನಿವೃತ್ತಿಯ ನಂತರ ಬಜಾರಿನಲ್ಲಿ ಇರ್ಫಾನನ ಪುಟ್ಟ ಪ್ರೆಸ್ಸಿಗೆ ವಾರಕ್ಕೆ ಮೂರು ದಿನ ಹೋಗಿ ಕಾಗದ ಎಣಿಸಿ ಕೊಡುತ್ತಾನೆ. "ಕಾಕಾ ಎಣಿಸಿದ ಕಟ್ಟು ಅಂದ್ರ ಮತ್ತ ಎಣಿಸೂದಿಲ್ಲ," ಎಂದು ಇರ್ಫಾನ ಗಿರಾಕಿಗಳಿಗೆ ಹೇಳುವುದನ್ನು ಅಪ್ಪ ಮನೆಗೆ ಬಂದು ನನಗೆ ಹೇಳುತ್ತಾನೆ, ಪ್ರತಿ ಸಲವೂ ಹೊಸದೆನ್ನುವ ಹಾಗೆ. ಹೋದ ಚಳಿಗಾಲದಲ್ಲಿ ಅವನು ಪ್ರೆಸ್ಸಿಗೆ ಹೋಗುವುದನ್ನು ನಿಲ್ಲಿಸಿದ. ಮೊಣಕಾಲು ನೋವು ಎಂದ. ನಂಬಿದೆ.

ಆಗಲೇ ಒಂದು ಸೋಮವಾರ ಅಪ್ಪ ನನಗೆ ಐದೆಲೆ ಹಾಕಿದ. ಎತ್ತಿ ನೋಡಿದರೆ ನಡುವೆ ಮೂಗುತಿ. ಅವಳು ಸದ್ದಿಲ್ಲದೆ ನನ್ನ ಕೈಗೆ ಬಂದು ಕೂತಿದ್ದಳು. ಅಪ್ಪ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಮುಖ ನೋಡಿದೆ. ಅವನು ತನ್ನ ಎಲೆ ಜೋಡಿಸುವುದರಲ್ಲಿ ಮಗ್ನ. ನನಗೆ ಒಳಗೊಳಗೇ ಭಯವಾಯಿತು. ಅಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಕೈಕಾಲು ಜೋಮು ಹಿಡಿದರೆ, ಸ್ಪರ್ಶ ಕಡಿಮೆಯಾದರೆ ತಡ ಮಾಡದೆ ಬನ್ನಿ ಎಂದು ಡಾಕ್ಟರು ಪ್ರತಿ ಸಲವೂ ಹೇಳುತ್ತಾರೆ. ಅಪ್ಪ ಪ್ರತಿ ಸಲವೂ, "ಏನೂ ಇಲ್ರಿ, ಭೇಷ್ ಅದೇನಿ," ಎನ್ನುತ್ತಾನೆ. ಹಾಗಾದರೆ ಪ್ರೆಸ್ಸು ಬಿಡಿಸಿದ್ದು ಮೊಣಕಾಲಲ್ಲ, ಬೆರಳು.

ಏಳನೆಯ ನಿಯಮದ ಪ್ರಕಾರ ದಸ್ತೆ ನನ್ನದು. ನಾನು ಬಾಯಿ ಬಿಡಲಿಲ್ಲ. ಕೈಯಲ್ಲಿ ಇನ್ನೊಬ್ಬ ರಾಣಿ ಇದ್ದಳು, ಒಳ್ಳೆಯ ಜೋಡಿ. ನಮ್ಮ ಆಟದಲ್ಲಿ ಮೂರು ಎಲೆಯವರೆಗೆ ಒಮ್ಮೆ ಬದಲಿಸಿಕೊಳ್ಳಬಹುದು. ಜೋಡಿ ಒಡೆದು ಮೂಗುತಿಯವಳನ್ನು ಮಗುಚಿ ವಾಪಸು ಹಾಕಿದೆ, ಸೋತೆ. ಸೋಲುವುದಕ್ಕಾಗಿ ಬುದ್ಧಿ ಖರ್ಚು ಮಾಡಿದ್ದು ಅದೇ ಮೊದಲು. ಉಳಿದ ಸಲ ಅದರ ಅಗತ್ಯ ಬಿದ್ದಿರಲಿಲ್ಲ.

ಮರುದಿನ ರಾಣಿ ಅಪ್ಪನ ಎಲೆಗಳಲ್ಲೇ ಬಂದಿರಬೇಕು. ಎಲೆ ಎತ್ತಿದವನು ತುಂಬ ಹೊತ್ತು ಸುಮ್ಮನೆ ನೋಡುತ್ತ ಕೂತ. "ಏನಪ್ಪಾ?" ಎಂದೆ. "ಏನಿಲ್ಲ, ಹೊಂದಸಾಕ ಹತ್ತೀನಿ," ಅಂದ. ಆದರೆ ಬುಧವಾರ ಎಲೆ ಹಂಚುವಾಗ ಹೆಬ್ಬೆರಳು ನಿಂತಿತು. "ಬಂದ್ಳು ನೋಡು ಮಹಾರಾಣಿ!" ತೆರೆದ. ಅವಳೇ! ನನಗೆಷ್ಟು ಖುಷಿಯಾಯಿತೆಂದರೆ ನನ್ನ ಚಹಾಕ್ಕೆ ಅಪ್ಪನ ಪಾಲಿನ ಸಕ್ಕರೆಯನ್ನೂ ಹಾಕಿಕೊಂಡೆ. ಗುರುವಾರ, ಶುಕ್ರವಾರ, ಒಂದು ಸಲವೂ ತಪ್ಪಲಿಲ್ಲ. ಎರಡು ದಿನ ಏನೋ ಮೈಮರೆತಿರಬೇಕು, ನಾನು ಸುಮ್ಮನೆ ಹೆದರಿದೆ ಎಂದು ನನ್ನನ್ನೇ ಹಂಗಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಬಿಸಿಲಿಗೆ ಕೂತು ಎಲೆ ಕಲೆಸುತ್ತಿದ್ದಾಗ ಒಂದು ಎಲೆಯ ಬೆನ್ನಿನ ಮೂಲೆಯಲ್ಲಿ ಸೀಸದ ಕಡ್ಡಿಯ ಚುಕ್ಕೆ ಕಂಡಿತು. ಮಗುಚಿದೆ. ಮೂಗುತಿ.

ಮಿಲ್ಲಿನಿಂದ ಒಂದು ಬಿಳಿ ಹಾಳೆಯನ್ನೂ ಮನೆಗೆ ತರದ ಮನುಷ್ಯ, ಎಲೆಗೆ ಗುರುತು ಹಾಕಿದ್ದ! ಜಗತ್ತಿನಲ್ಲಿ ಎಲೆಗೆ ಗುರುತು ಹಾಕುವವರೆಲ್ಲ ಗೆಲ್ಲುವುದಕ್ಕೆ ಹಾಕುತ್ತಾರೆ. ನಮ್ಮಪ್ಪ ಹಾಕಿದ್ದು ಎಲೆಯನ್ನು ಎದುರಾಳಿಗೆ ತೋರಿಸಿಕೊಡುವುದಕ್ಕೆ, ತನ್ನ ಬೆರಳು ಇನ್ನೂ ಬದುಕಿದೆ ಎಂದು ನಾನು ನಂಬಲಿ ಎಂದು. ನನಗೆ ನಗು ಬಂತು. ನಗುತ್ತಲೇ ಅಡುಗೆಮನೆಗೆ ಹೋಗಿ ಅತ್ತೆ.

ನೇರವಾಗಿ ಕೇಳಿದರೆ ಅಪ್ಪ ಎದ್ದು ಹೋಗಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾನೆ. ಅದಕ್ಕೇ ನಾನು ಅವನದೇ ಸೀಸದ ಕಡ್ಡಿ ತೆಗೆದುಕೊಂಡು ಬೇರೆ ನಾಲ್ಕು ಎಲೆಗಳಿಗೂ ಅದೇ ಮೂಲೆಯಲ್ಲಿ ಅಂಥದೇ ಚುಕ್ಕೆ ಇಟ್ಟೆ.

ಸಂಜೆ ಆಟ ಶುರುವಾಯಿತು. "ಬಂದ್ಳು ನೋಡು ಮಹಾರಾಣಿ!" ತೆರೆದ. ಕಿಲವರ್ ಏಳು.

"ಥಂಡಿಗೆ ಎಲಿ ಉಬ್ಬ್ಯಾವು," ಅಂದ ಅಪ್ಪ. ನಾನು ಹೂಂ ಎಂದೆ. ಮುಂದಿನ ಕೈಯಲ್ಲಿ ಮತ್ತೆ ಮಹಾರಾಣಿ, ಚೌಕಟ್ ನಾಲ್ಕು. ಮೂರನೆಯ ಸಲ ಕೂಗುವ ಬದಲು ಕಟ್ಟು ಕೆಳಗಿಟ್ಟು, ಒಂದೊಂದೇ ಎಲೆಯ ಬೆನ್ನು ನೋಡಿ, ಚುಕ್ಕೆಯಿದ್ದ ಐದು ಎಲೆ ಆರಿಸಿ ತೆಗೆದು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ.

"ಇದ್ಯಾರ ಕೆಲಸ?"

"ನಾಕ ನಂದು. ಐದನೇದು ಯಾರದು?"

ಅಪ್ಪ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ, ನಾನೂ ನಕ್ಕೆ. ನಕ್ಕು ಮುಗಿದ ಮೇಲೆ, "ಯಾವಾಗ ಗೊತ್ತಾತು?" ಅಂದ.

"ಸೋಮವಾರ. ನನ್ನ ಕೈಯಾಗ ಸುಮ್ಮ ಬಂದ ಕುಂತಿದ್ಳು."

"ಹೇಳಬೇಕಿಲ್ಲೋ? ದಸ್ತೆ ನಿಂದಾಗ್ತಿತ್ತು."

"ದಸ್ತೆ ಯಾರಿಗೆ ಬೇಕಪ್ಪಾ? ಬೆರಳ ತೋರಸು."

ತೋರಿಸಿದ. ತೋರುಬೆರಳ ತುದಿಯಲ್ಲಿ ಗುಳ್ಳೆ. ಬಿಸಿ ಚಹಾದ ಲೋಟ ಹಿಡಿದದ್ದು ಗೊತ್ತೇ ಆಗಿರಲಿಲ್ಲವಂತೆ. ಎಷ್ಟು ದಿನದಿಂದ ಎಂದರೆ ದೀಪಾವಳಿಗೂ ಮುಂಚಿನಿಂದ, ಸ್ವಲ್ಪ ಸ್ವಲ್ಪವಾಗಿ ಹೆಚ್ಚುತ್ತ. ಕಾಲು? "ಕಾಲೂ ಹಂಗ," ಅಂದ, ಪಕ್ಕದ ಮನೆಯವರ ಕಾಲಿನ ವಿಷಯ ಹೇಳುವ ಹಾಗೆ.

"ನಾಳೆ ಡಾಕ್ಟರ ಕಡೆ ಹೋಗೂಣು."

"ನೋಡೂಣು."

ನಮ್ಮ ಮನೆಯಲ್ಲಿ ನೋಡೂಣು ಎಂದರೆ ಇಲ್ಲ ಎಂದರ್ಥ. "ಡಾಕ್ಟರ ಏನ ಅಂತಾನ ನನಗ ಗೊತ್ತಿಲ್ಲೇನು? ವಯಸ್ಸಾತು, ಕಾಗದಾ ಎಣಿಸೂದು ಬಿಡು ಅಂತಾನ. ನಾ ಇರ್ಫಾನಗ ಏನಂತ ಹೇಳ್ಲಿ ಯವ್ವಾ?" ಅಂದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹಂಗಾರ ರೀಮು ಮುಗಸೂಣು. ನಾ ಗೆದ್ರ ನನ್ನ ಹುಕುಂ ನಡೀಬೇಕು," ಎಂದೆ. ಹುಕುಂ ಏನೆಂದು ಇಬ್ಬರಿಗೂ ಗೊತ್ತಿತ್ತು. ಅಪ್ಪ ಒಪ್ಪಿದ, ಆದರೆ ಮೊದಲು ನನ್ನ ಆಫೀಸಿನ ಚೀಲದಿಂದ ರಬ್ಬರ್ ತರಿಸಿ ಐದೂ ಚುಕ್ಕೆಗಳನ್ನು ಒರೆಸಿ ಹಾಕಿದ. ಮೋಸದ ಎಲೆಯಲ್ಲಿ ಅವನು ಆಡುವುದಿಲ್ಲವಂತೆ!

ಅಂದಿನಷ್ಟು ಗಮನವಿಟ್ಟು ನಾನು ಯಾವ ಕಡತವನ್ನೂ ನೋಡಿಲ್ಲ. ನಾನೊಂದು, ಅಪ್ಪನೊಂದು ಎಂದು ಏರುತ್ತಾ ಇಬ್ಬರಿಗೂ ನಾಲ್ಕು ನಾಲ್ಕು ದಸ್ತೆಯಾಯಿತು. ಕೊನೆಯ ಕೈಗೆ ಅಪ್ಪ ಐದನ್ನೂ ಒಟ್ಟಿಗೆ ಹಾರಿಸಲಿಲ್ಲ. ಒಂದೊಂದೇ ಎಲೆ ತೆಗೆದು, ನಮ್ಮಂಥವರ ಹಾಗೆ ಎಂಜಲು ಹಚ್ಚಿ, ಎಣಿಸಿ ಎಣಿಸಿ ಹಾಕಿದ. ಅದನ್ನು ನೋಡುವುದು ನನಗೆ ಕಷ್ಟವಾಯಿತು.

ನನಗೆ ರಾಜರ ಜೋಡಿ ಬಂತು. ಮೂರು ಎಲೆ ಬದಲಿಸಿದೆ, ಎರಡು ಒಂಬತ್ತು ಸೇರಿದವು. "ಬೀಗರು!" ಎಂದು ನೆಲಕ್ಕೆ ಬಡಿದೆ. ಅಪ್ಪ ತನ್ನ ಎಲೆಗಳನ್ನು ನಿಧಾನವಾಗಿ ಬಿಡಿಸಿದ. ಮೂರು ಐದು. ಕಪ್ಪು ಗುರುತಿನ ಇಸ್ಪೀಟ್ ರಾಣಿ. ಅವಳ ಪಕ್ಕದಲ್ಲಿ ಮೂಗುತಿ ಇಟ್ಟ ಬದಾಮ್ ರಾಣಿ.

ಸಂಸಾರ.

ಬೀಗರಿಗಿಂತ ಸಂಸಾರ ದೊಡ್ಡದು. ಅಪ್ಪ ಗೆದ್ದ. ಆದರೆ ರಾಣಿಯನ್ನು ಕೂಗಿ ಹೇಳದೆ ತನಗೇ ಹಾಕಿಕೊಂಡಿದ್ದ. ಏಳನೆಯ ನಿಯಮದ ಪ್ರಕಾರ ದಸ್ತೆ ನನ್ನದು, ರೀಮು ನನ್ನದು, ಹುಕುಂ ನನ್ನದು. ಬಾಯಿ ತೆರೆದೆ. ಬಾಯಿ ತೆರೆದರೆ ಅಪ್ಪನ ಬೆರಳಿಗೆ ರಾಣಿ ಗೊತ್ತಾಗಲಿಲ್ಲ ಎಂದು ಅವಳ ಮುಂದೆಯೇ ಹೇಳಬೇಕು. ನನ್ನಿಂದಾಗಲಿಲ್ಲ.

"ಗೆದ್ದಿ ನೋಡಪ್ಪಾ," ಎಂದೆ. "ಹುಕುಂ ಹೇಳು."

ಅಪ್ಪ ನನ್ನನ್ನು ನೋಡಿದ. "ಏಳನೇ ನಿಯಮಾ ಮರತಿಯೇನು?"

"ಯಾವ ಏಳನೇದು?"

"ಸರ್ಕಾರಿ ನೌಕರಿ ಮಾಡಾಕಿ ನೀ. ನಿಯಮಾ ಮರೀತಿ." ಅವನು ಮೂಗುತಿಯವಳನ್ನು ಎತ್ತಿ, ಹೆಬ್ಬೆರಳಿನಿಂದ ಅವಳ ಅಂಚನ್ನು ಒಮ್ಮೆ ಸವರಿ, ಮತ್ತೆ ಸಂಸಾರದೊಳಗೆ ಇಟ್ಟ. "ನಾ ಗೆದ್ದೇನಿ ಅಂದ್ರ ನನ್ನ ಹುಕುಂ ನಡೀಬೇಕು. ನಾಳೆ ರಜಾ ಹಾಕು. ನನ್ನ ಡಾಕ್ಟರ ಕಡೆ ಕರಕೊಂಡ ಹೋಗು. ಇದು ನಿನ್ನ ಹುಕುಂ ಅಲ್ಲ ಮತ್ತ, ನಂದು."

ಹಳಿಯಾಳದ ಡಾಕ್ಟರು ಅಪ್ಪನ ಕಣ್ಣು ಮುಚ್ಚಿಸಿ, ಬೆರಳಿಗೂ ಪಾದಕ್ಕೂ ದಾರ ಮುಟ್ಟಿಸುತ್ತ ಗೊತ್ತಾಯಿತೇ, ಗೊತ್ತಾಯಿತೇ ಎಂದು ಕೇಳಿದರು. ಅಪ್ಪ ಈ ಸಲ ಭೇಷ್ ಎನ್ನಲಿಲ್ಲ. ಎಡಗಾಲಿನ ಬೆರಳ ಸಂದಿಯಲ್ಲಿ ಅವನಿಗೇ ಗೊತ್ತಿಲ್ಲದ ಗಾಯವೊಂದು ಕೂತಿತ್ತು. "ಇನ್ನೊಂದು ತಿಂಗಳು ಬಿಟ್ಟಿದ್ದರೆ," ಎಂದು ಡಾಕ್ಟರು ಮಾತು ನಿಲ್ಲಿಸಿದರು. ಗಾಯ ಮಾಯಿತು, ಕಾಲು ಉಳಿಯಿತು. ಬೆರಳಿನ ಸ್ಪರ್ಶ ಪೂರ್ತಿ ಬರಲಿಕ್ಕಿಲ್ಲ ಎಂದರು. ಕಾಗದ ಎಣಿಸುವುದು ಬಿಡಿ ಎನ್ನಲಿಲ್ಲ, ನಿಧಾನ ಎಣಿಸಿ ಎಂದರು. ಈಗ ಅಪ್ಪ ಮತ್ತೆ ಪ್ರೆಸ್ಸಿಗೆ ಹೋಗುತ್ತಾನೆ, ಒಂದೊಂದೇ ಹಾಳೆ ಎಣಿಸುತ್ತಾನೆ. ಇರ್ಫಾನ ಆ ಕಟ್ಟುಗಳನ್ನು ಈಗಲೂ ಮತ್ತೊಮ್ಮೆ ಎಣಿಸುವುದಿಲ್ಲವಂತೆ. ಎಣಿಸಿದರೂ ಅಪ್ಪ ಮನೆಗೆ ಹೋದ ಮೇಲೆ ಎಣಿಸುತ್ತಾನೆ ಎಂದು ನನ್ನ ಗುಮಾನಿ, ಇರ್ಫಾನ ಒಳ್ಳೆಯವನು.

ಶೋಭಾಳಿಗೆ ಕೊಟ್ಟ ಹಾಳೆಯಲ್ಲಿ ಒಂಬತ್ತು ನಿಯಮಗಳಿದ್ದವು. ಎಂಟು ಹಳೆಯವು. ಒಂಬತ್ತನೆಯದನ್ನು ನಾನೇ ಸೇರಿಸಿದೆ, ಯಾರ ಮಂಜೂರಾತಿಯೂ ಇಲ್ಲದೆ: 'ಎಲೆ ಹಂಚುವ ಸಮಯದಲ್ಲಿ ಎದುರಾಳಿಯು ಕಡ್ಡಾಯವಾಗಿ ಕಿಟಕಿಯ ಕಡೆ ನೋಡತಕ್ಕದ್ದು.'

ನಿನ್ನೆ ಬಸ್ಸಿಗೆ ಕಾಯುವಾಗ ಶೋಭಾ ಕೇಳಿದಳು. "ಮೇಡಂ, ಎಲ್ಲಾ ತಿಳೀತು. ಆದ್ರ ಖಿಡಕಿ ಯಾಕ ನೋಡಬೇಕಂತ ನಮ್ಮ ಮನಿಯವ್ರು ಕೇಳಾಕ ಹತ್ಯಾರ. ಹಂಗ ನೋಡಿದ್ರ ಹಂಚಾವ್ರಿಗೆ ಮೋಸ ಮಾಡಾಕ ಬಿಟ್ಟಂಗ ಆಗೂದಿಲ್ಲೇನ್ರಿ?"

"ಆಗ್ತೈತಿ," ಎಂದೆ. "ಅದಕ್ಕ ಬರದೇನಿ."

ಅವಳಿಗೆ ಅರ್ಥವಾಗಲಿಲ್ಲ. ಮದುವೆಯಾಗಿ ನಾಲ್ಕೇ ತಿಂಗಳು, ಅವಸರವಿಲ್ಲ. ನಿನ್ನೆ ಸಂಜೆಯೂ ನಾನು ಎಲೆ ಕಲೆಸಿ ಕೊಟ್ಟು ಕಿಟಕಿಯ ಕಡೆ ತಿರುಗಿದೆ. ನಮ್ಮ ಕಿಟಕಿಯಿಂದ ಕಾಣುವುದು ಎದುರು ಮನೆಯ ನೀರಿನ ಟಾಕಿ, ಅದರ ಮೇಲೆ ಒಣಗಲು ಹಾಕಿದ ಒಂದು ಹಳೆಯ ಟವೆಲು. ಅದನ್ನೇ ಶ್ರದ್ಧೆಯಿಂದ ನೋಡಿದೆ. ಹಿಂದೆ ಎಲೆಗಳ ಸಪ್ಪಳ ನಿಂತಿತು, ಕನ್ನಡಕ ಸರಿಮಾಡಿಕೊಂಡ ಸದ್ದು, ಮತ್ತೆ ಎಲೆಗಳ ಸಪ್ಪಳ.

"ಬಂದ್ಳು ನೋಡು ಮಹಾರಾಣಿ!"

ತಿರುಗಿ ನೋಡಿದೆ. ಅವಳೇ. ನಮ್ಮಪ್ಪನ ಬೆರಳು ಇವತ್ತಿಗೂ ತಪ್ಪುವುದಿಲ್ಲ.